ಚರ್ಚಿಲ್ಲನ ಹದಿಮೂರು ರೂಪಾಯಿ

ಬೆಂಗಳೂರಿನ ಇತಿಹಾಸ ಈಗ ಶನಿವಾರ, ಭಾನುವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಮಾತ್ರ ತೆರೆದಿರುತ್ತದೆ. ಮೊಬೈಲಿನಲ್ಲಿ ಹೆಸರು ನೋಂದಾಯಿಸಿ, ದುಡ್ಡು ಕಟ್ಟಿ, ಶೂ ಹಾಕ್ಕೊಂಡು ಹೇಳಿದ ಜಾಗಕ್ಕೆ ಹೋದರೆ ಆಯ್ತು. ಹೆರಿಟೇಜ್ ವಾಕ್ ಅಂತ ಅದರ ಹೆಸರು. ಹದಿನೈದು ಇಪ್ಪತ್ತು ಜನ, ಮುಂದೆ ಒಬ್ಬ ಗೈಡು, ಅವನ ಕೈಯಲ್ಲಿ ಹಳೇ ಫೋಟೋಗಳ ಫೈಲು. ಮೂರು ಗಂಟೆ ನಡೆದು ಕೊನೆಗೆ ಯಾವುದಾದರೂ ಹಳೇ ಹೋಟೆಲಿನಲ್ಲಿ ಮಸಾಲೆ ದೋಸೆ, ಕಾಫಿ. ಅಲ್ಲಿಗೆ ಐನೂರು ವರ್ಷ ಮುಗೀತು.

ಇದರಲ್ಲಿ ತಪ್ಪೇನಿದೆ ಅಂತ ನೀವು ಕೇಳಬಹುದು. ನಡೆಯುವುದರಲ್ಲಿ ಏನೂ ತಪ್ಪಿಲ್ಲ. ಊರನ್ನು ತಿಳಿಯೋಕೆ ಕಾಲಿಗಿಂತ ಒಳ್ಳೆಯ ಸಾಧನ ಇನ್ನೂ ಹುಟ್ಟಿಲ್ಲ. ಕಾರಿನಲ್ಲಿ ಕೂತವನಿಗೆ ಅವೆನ್ಯೂ ರಸ್ತೆ ಅಂದರೆ ಟ್ರಾಫಿಕ್ ಜಾಮು. ನಡೆಯುವವನಿಗೆ ಅದು ಕೆಂಪೇಗೌಡರ ದೊಡ್ಡಪೇಟೆ. ಈ ವಾಕ್‌ಗಳನ್ನು ನಡೆಸುವವರಲ್ಲಿ ಊರನ್ನು ನಿಜವಾಗಿ ಪ್ರೀತಿಸುವವರು, ಹಳೇ ದಾಖಲೆ ಹುಡುಕಿ ಓದುವವರು ಇದ್ದಾರೆ, ಅದನ್ನೂ ಒಪ್ಪುತ್ತೇನೆ. ನನ್ನ ತಕರಾರು ಬೇರೆ. ಯಾರ ಕತೆಯನ್ನು, ಯಾವ ಭಾಷೆಯಲ್ಲಿ, ಯಾರಿಗೆ ಹೇಳಿಕೊಂಡು ನಡೀತಿದ್ದೇವೆ ಅನ್ನೋದು ನನ್ನ ಪ್ರಶ್ನೆ.

ಚರ್ಚಿಲ್ಲನ ಕತೆಯನ್ನೇ ತಗೊಳ್ಳಿ. ವಿನ್‌ಸ್ಟನ್ ಚರ್ಚಿಲ್ 1896ರಲ್ಲಿ ಎಳೆಯ ಸೇನಾಧಿಕಾರಿಯಾಗಿ ಇಲ್ಲಿನ ದಂಡಿಗೆ ಬಂದ. ಹೋಗುವಾಗ ಕ್ಲಬ್ಬಿನಲ್ಲಿ ಹದಿಮೂರು ರೂಪಾಯಿ ಬಾಕಿ ಉಳಿಸಿ ಹೋದ. ಆ ಬಾಕಿ ಇವತ್ತಿಗೂ ಲೆಕ್ಕದ ಪುಸ್ತಕದಲ್ಲಿದೆ. ದಂಡು ಪ್ರದೇಶದ ಯಾವ ವಾಕ್‌ಗೆ ಹೋದರೂ ಈ ಕತೆ ಬಂದೇ ಬರುತ್ತೆ, ಎಲ್ಲರೂ ನಗುತ್ತಾರೆ, ಫೋಟೋ ತೆಗೀತಾರೆ. ಕತೆ ಸುಳ್ಳಲ್ಲ, ಚೆನ್ನಾಗಿಯೂ ಇದೆ. ಆದರೆ ಇದೇ ಊರು ಮೂರು ಲಕ್ಷ ರೂಪಾಯಿಗೆ ಕೈ ಬದಲಾದ ಕತೆಯನ್ನು ನಿಮಗೆ ಯಾರಾದರೂ ಹೇಳಿದ್ದಾರಾ? ಶಹಾಜಿಯ ಮಗ ವೆಂಕೋಜಿ ಬೆಂಗಳೂರನ್ನು ಮಾರೋಕೆ ಕೂತಿದ್ದ. ಅಷ್ಟರಲ್ಲಿ, 1687ರಲ್ಲಿ, ಮೊಗಲರ ಸೇನಾಪತಿ ಖಾಸಿಂ ಖಾನ್ ಬಂದು ಊರನ್ನು ಹಿಡಿದ. ಆಮೇಲೆ ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ಕೊಟ್ಟು ಅದನ್ನು ಮೊಗಲರಿಂದ ಪಡೆದರು. ಒಂದು ಇಡೀ ಊರು, ಅದರ ಅಂಗಡಿ, ಕೆರೆ, ಮನೆ, ಜನ ಸಮೇತ, ವ್ಯಾಪಾರವಾದ ಕತೆ ಇದು. ಆ ವ್ಯಾಪಾರ ನಡೆಯದೇ ಇದ್ದಿದ್ದರೆ ಬೆಂಗಳೂರು ಇವತ್ತು ಕರ್ನಾಟಕದ ರಾಜಧಾನಿ ಆಗಿರುತ್ತಿತ್ತೋ ಇಲ್ಲವೋ! ಮೂರು ಲಕ್ಷದ ಕತೆ ಮರೆತಿದ್ದೇವೆ, ಹದಿಮೂರು ರೂಪಾಯಿ ಮಾತ್ರ ಬಾಯಿಪಾಠ.

ಇದಕ್ಕೆ ಕಾರಣ ಹುಡುಕೋಕೆ ಬಹಳ ದೂರ ಹೋಗಬೇಕಾಗಿಲ್ಲ. ಬ್ರಿಟಿಷರು 1809ರಲ್ಲಿ ಇಲ್ಲಿ ದಂಡು ಕಟ್ಟಿದರು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಹಾಗಾಗಿ ಕಬ್ಬನ್ ಪಾರ್ಕಿನ ಈ ಕಡೆ ಒಂದು ಊರು, ಆ ಕಡೆ ಇನ್ನೊಂದು ಊರು. ಆಡಳಿತ ಬೇರೆ, ಭಾಷೆ ಬೇರೆ, ಮಾರ್ಕೆಟ್ಟು ಬೇರೆ. 1949ರಲ್ಲಿ ಎರಡನ್ನೂ ಸೇರಿಸಿ ಒಂದೇ ಕಾರ್ಪೊರೇಷನ್ ಮಾಡಿದರು. ಆಡಳಿತ ಒಂದಾಯಿತು, ಕತೆ ಇನ್ನೂ ಒಂದಾಗಿಲ್ಲ. ದಂಡಿನ ಕಡೆಯ ಕತೆ ಇಂಗ್ಲಿಷಿನಲ್ಲಿ ಬರೆದಿಟ್ಟು ಸಿದ್ಧವಾಗಿತ್ತು. ಪತ್ರಗಳಿದ್ದವು, ಡೈರಿಗಳಿದ್ದವು, ಫೋಟೋಗಳಿದ್ದವು. ಪೇಟೆಯ ಕತೆ ಜನರ ಬಾಯಲ್ಲಿ, ಕಲ್ಲಿನ ಮೇಲೆ, ಬೀದಿಗಳ ಹೆಸರಿನಲ್ಲಿ ಇತ್ತು. ಅದನ್ನು ಓದೋಕೆ ಕನ್ನಡ ಬೇಕು. ಸುಲಭವಾಗಿ ಸಿಕ್ಕಿದ್ದನ್ನು ನಾವು ಇತಿಹಾಸ ಅಂದ್ವಿ, ಕಷ್ಟಪಟ್ಟು ಹುಡುಕಬೇಕಾದ್ದನ್ನು ಬಿಟ್ಟುಬಿಟ್ವಿ.

ದಂಡಿನ ಕತೆಯಾದರೂ ಪೂರ್ತಿ ಹೇಳ್ತಾರಾ ಅಂದರೆ ಅದೂ ಇಲ್ಲ. ಬಂಗಲೆ ಯಾರದ್ದು, ಅದರ ಕಿಟಕಿಯ ಮೇಲಿನ ಮರದ ಕೆತ್ತನೆಗೆ ಏನಂತಾರೆ ಅನ್ನೋದು ಗೊತ್ತಾಗುತ್ತೆ. ಆ ಬಂಗಲೆಗೆ ನೀರು ಹೊತ್ತವರು, ಅಡುಗೆ ಮಾಡಿದವರು, ಕುದುರೆ ತೊಳೆದವರು, ಕಕ್ಕಸು ಬಳಿದವರು ಎಲ್ಲಿ ಮಲಗುತ್ತಿದ್ದರು ಅಂತ ಕೇಳಿ ನೋಡಿ. ಗೈಡು ಮುಂದಿನ ಬಂಗಲೆಗೆ ಹೋಗಿರ್ತಾನೆ.

ಇನ್ನು ಬೆಂದಕಾಳೂರು. ವೀರಬಲ್ಲಾಳ ರಾಜ ಕಾಡಿನಲ್ಲಿ ದಾರಿ ತಪ್ಪಿದನಂತೆ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳಂತೆ, ಅದಕ್ಕೇ ಊರಿಗೆ ಆ ಹೆಸರು ಬಂತಂತೆ. ಹೇಳೋಕೆ ಚಂದ, ಇಂಗ್ಲಿಷಿಗೆ ತಿರುಗಿಸೋಕೂ ಚಂದ. ವಿಮಾನ ಕಂಪನಿಗಳ ಪತ್ರಿಕೆಗಳಿಗೂ ಬಹಳ ಪ್ರಿಯವಾದ ಕತೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ವೀರಗಲ್ಲಿದೆ. ಒಂಬತ್ತನೇ ಶತಮಾನದ ಕೊನೆಯದ್ದು, ಸುಮಾರು ಕ್ರಿ.ಶ. 890ರದ್ದು. ಅದರ ಮೇಲೆ ಹಳಗನ್ನಡದಲ್ಲಿ ಬೆಂಗಳೂರು ಕಾಳಗದ ಮಾತಿದೆ. ಬಲ್ಲಾಳ ಹುಟ್ಟೋಕೆ ಇನ್ನೂ ಎರಡು ಮೂರು ಶತಮಾನ ಇರುವಾಗಲೇ ಬೆಂಗಳೂರು ಅಂತ ಒಂದು ಊರಿತ್ತು, ಅಲ್ಲಿ ಕಾಳಗ ನಡೆದಿತ್ತು, ಸತ್ತವನಿಗೆ ಕಲ್ಲು ನೆಟ್ಟಿದ್ದರು. ಇದೇನು ಗುಟ್ಟಿನ ಸಂಗತಿಯಲ್ಲ. ಆ ಶಾಸನ ಅಚ್ಚಾಗಿ ನೂರು ವರ್ಷದ ಮೇಲಾಯ್ತು. ಆದರೂ ಭಾನುವಾರ ಬೆಳಿಗ್ಗೆ ಗೆಲ್ಲೋದು ಬೆಂದ ಕಾಳೇ. ಯಾಕೆ ಗೊತ್ತಾ? ಬೇಗೂರು ದೂರ, ಅಲ್ಲಿ ಕಾಫಿ ಕುಡಿಯೋಕೆ ಫ್ಯಾಷನ್ನಿನ ಜಾಗ ಇಲ್ಲ, ಮತ್ತೆ ಆ ಕಲ್ಲು ಕನ್ನಡ ಮಾತಾಡುತ್ತೆ.

ಪೇಟೆಗೆ ಬನ್ನಿ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿ, ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೆ ಎತ್ತು ಹೂಡಿಸಿ ಗೆರೆ ಎಳೆಸಿದರು ಅಂತ ಪ್ರತೀತಿ. ಆ ಗೆರೆಗಳ ಸುತ್ತ ಬೆಳೆದ ಬೀದಿಗಳ ಹೆಸರು ನೋಡಿ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ತರಗುಪೇಟೆ, ನಗರ್ತಪೇಟೆ. ಯಾರು ಏನು ಮಾಡುತ್ತಿದ್ದರು, ಎಲ್ಲಿ ಏನು ಮಾರುತ್ತಿದ್ದರು ಅನ್ನೋದೆಲ್ಲ ಹೆಸರಿನಲ್ಲೇ ಇದೆ. ಕನ್ನಡ ಬಲ್ಲ ಐದನೇ ಕ್ಲಾಸಿನ ಹುಡುಗಿಗೆ ಇದರಲ್ಲಿ ಮುಕ್ಕಾಲು ಪಾಲು ತಾನಾಗಿ ತಿಳಿಯುತ್ತೆ, ಉಳಿದದ್ದನ್ನು ಅಜ್ಜಿಯನ್ನು ಕೇಳಿ ತಿಳ್ಕೋತಾಳೆ. ಇಂಥ ಪೇಟೆಯನ್ನು ಈಗ 'ಪೆಟ್' ಅಂತ ಕರೀತಾರೆ, ಸಾಕಿದ ನಾಯಿಯನ್ನು ಕರೆದ ಹಾಗೆ. ಚಿಕ್‌ಪೆಟ್, ಕಾಟನ್‌ಪೆಟ್, ಕಬ್ಬನ್‌ಪೆಟ್. ಉಚ್ಚಾರಣೆ ತಪ್ಪಿದ್ದಕ್ಕೆ ನಾನು ಜಗಳ ಆಡ್ತಿಲ್ಲ, ಎಲ್ಲೆಲ್ಲಿಂದಲೋ ಬಂದವರ ನಾಲಗೆ ಹೊರಳಬೇಕಾದರೆ ಟೈಮ್ ಬೇಕು. ಹೆಸರಿನ ಒಳಗಿರುವ ಅರ್ಥವೇ ಬಿದ್ದುಹೋಗುತ್ತಲ್ಲ, ಸಂಕಟ ಅದು.

ಚಿಕ್ಕಪೇಟೆಯ ಒಂದು ಗಲ್ಲಿಯಲ್ಲಿ ಒಮ್ಮೆ ಇಂಥ ಗುಂಪಿನ ಹಿಂದೆ ನಿಂತಿದ್ದೆ. ಗೈಡು ಒಂದು ಹಳೇ ಕಟ್ಟಡದ ಬಾಲ್ಕನಿ ತೋರಿಸಿ ಇಂಗ್ಲಿಷಿನಲ್ಲಿ ಏನೇನೋ ಹೇಳ್ತಿದ್ದ. ಕೆಳಗೆ ಅಂಗಡಿಯ ಕಟ್ಟೆ ಮೇಲೆ ಎಪ್ಪತ್ತು ದಾಟಿದ ಯಜಮಾನರೊಬ್ಬರು ಕೂತಿದ್ದರು. ಎಲ್ಲರ ಕ್ಯಾಮೆರಾ ಅವರ ತಲೆಯ ಮೇಲಿನಿಂದ ಹೋಗ್ತಿತ್ತು. ಅವರು ಮೆಲ್ಲಗೆ ನನ್ನ ಕೇಳಿದರು: "ಏನಂತೆ ಸಾರ್? ನಮ್ಮ ಮನೆ ಬಗ್ಗೆ ಏನು ಹೇಳ್ತಿದಾರೆ?" ಮೂರು ತಲೆಮಾರು ಆ ಮನೆಯಲ್ಲಿ ಬಾಳಿದವರಿಗೆ ಅವರ ಮನೆಯ ಕತೆಯನ್ನು ನಾನು ಅನುವಾದ ಮಾಡಿ ಹೇಳಬೇಕಾಯ್ತು. ಕೇಳಿಸಿಕೊಂಡು ಅವರು, "ಅದು ಹಂಗಲ್ಲ ಬಿಡಿ" ಅಂದರು. ಹಾಗಾದರೆ ಹೆಂಗೆ ಅಂತ ಕೇಳೋಕೆ ಆ ಗುಂಪಿನಲ್ಲಿ ಯಾರೂ ಉಳಿದಿರಲಿಲ್ಲ.

ಪೇಟೆಯ ಜನ ಈ ವಾಕ್‌ಗಳಲ್ಲಿ ಫೋಟೋದ ಹಿನ್ನೆಲೆಗೆ ಮಾತ್ರ ಬೇಕು. ತಲೆ ಮೇಲೆ ಮೂಟೆ ಹೊತ್ತ ಹಮಾಲಿ "ಸೈಡ್, ಸೈಡ್" ಅಂತ ಕೂಗಿಕೊಂಡು ಬಂದರೆ ಅವನ ಫೋಟೋ ತೆಗೀತಾರೆ, ದಾರಿ ಬಿಡೋದು ಆಮೇಲೆ. ಕಬ್ಬನ್‌ಪೇಟೆಯಲ್ಲಿ ಮಗ್ಗದ ಸದ್ದು ಬಂದರೆ ವಿಡಿಯೋ ಮಾಡ್ತಾರೆ. ಮಗ್ಗದ ಮುಂದೆ ಕೂತವನ ಕೂಲಿ ಎಷ್ಟು, ಅವನ ಮಗ ಯಾಕೆ ಈ ಕೆಲಸಕ್ಕೆ ಬರಲ್ಲ ಅಂತಾನೆ ಅನ್ನೋದು ಹೆರಿಟೇಜ್ ಪಟ್ಟಿಗೆ ಸೇರಲ್ಲ. ಕಟ್ಟಡ ಹಳೇದಾದರೆ ಪರಂಪರೆ, ಮನುಷ್ಯ ಹಳಬನಾದರೆ ಒತ್ತುವರಿ!

ಮಾರ್ಕೆಟ್ ಪಕ್ಕದ ಕೋಟೆಗೆ ಹೋಗಿ. ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ ಕೋಟೆ, ಈಗ ಉಳಿದಿರೋದು ಒಂದು ಚೂರು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸ್‌ನ ಸೇನೆ ಪೇಟೆಯನ್ನು ಹಿಡಿಯಿತು, 21ರ ರಾತ್ರಿ ಕೋಟೆಯನ್ನು ಒಡೆಯಿತು. ಅಲ್ಲಿ ಒಂದು ಫಲಕವಿದೆ. ಬ್ರಿಟಿಷರು ಈ ಬಿರುಕಿನಲ್ಲಿ ನುಗ್ಗಿದರು ಅಂತ ಅದು ಇಂಗ್ಲಿಷಿನಲ್ಲಿ ಹೇಳುತ್ತೆ. ನುಗ್ಗಿದವರ ಮಾತಾಯ್ತು. ತಡೆದವರು ಯಾರು? ಕೋಟೆಯ ಕಿಲ್ಲೇದಾರ ಬಹಾದೂರ್ ಖಾನ್ ಆ ರಾತ್ರಿ ಹೋರಾಡುತ್ತಲೇ ಸತ್ತ. ಅವನ ಜೊತೆ ಸತ್ತವರಲ್ಲಿ ಕನ್ನಡ, ಉರ್ದು, ತೆಲುಗು ಮನೆಮಾತಿನವರೆಲ್ಲ ಇದ್ದಿರಬೇಕು. ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದ ಮೇಲೂ ನಮ್ಮ ಕೋಟೆಯ ಕತೆಯನ್ನು ಒಡೆದವರ ಬಾಯಿಂದಲೇ ಕೇಳ್ತಿದ್ದೇವಲ್ಲ, ನಮಗೆ ಏನನ್ನಿಸೋದೇ ಇಲ್ವಾ?

ಬೆಂಗಳೂರಿಗೆ ತನ್ನದೇ ಒಂದು ನಡಿಗೆ ಇದೆ ಸ್ವಾಮಿ. ಅದಕ್ಕೆ ಗೈಡು ಬೇಡ, ಟಿಕೆಟ್ಟು ಬೇಡ. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಬೆಳಗಾಗುವವರೆಗೆ ಪೇಟೆಯ ಬೀದಿ ಬೀದಿ ಸುತ್ತುತ್ತೆ. ತಿಗಳರು ಹೊರುವ ಈ ಕರಗ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತೆ. ಹೂವು ಬೆಳೆದವರು, ತರಕಾರಿ ಬೆಳೆದವರು, ಕೆರೆಯ ನೀರು ನಂಬಿ ಬದುಕಿದವರು ತಮ್ಮ ಊರಿನ ನಕ್ಷೆಯನ್ನು ಕಾಲಿನಲ್ಲಿ ಬರೆದಿಟ್ಟ ಬಗೆ ಇದು. ಸಂಪಂಗಿ ಕೆರೆ ಮುಚ್ಚಿ ಕಂಠೀರವ ಸ್ಟೇಡಿಯಂ ಕಟ್ಟಿದ ಮೇಲೂ ಕರಗದ ಶಾಸ್ತ್ರಕ್ಕೆ ಬೇಕು ಅಂತಲೇ ಅಲ್ಲೊಂದು ಪುಟ್ಟ ಕೊಳ ಉಳಿದಿದೆ. ಯಾವ ಹೆರಿಟೇಜ್ ಸಮಿತಿಯೂ ಉಳಿಸಿದ್ದಲ್ಲ ಅದು. ಪ್ರತಿ ವರ್ಷ ಅಲ್ಲಿಗೆ ನಡೆದು ಹೋಗುವ ಜನ ಇದ್ದರು, ಅದಕ್ಕೇ ಉಳೀತು. ನಡಿಗೆ ಅಂದರೆ ಹೀಗಿರಬೇಕು, ನಡೆದವರಿಗೆ ಆ ಜಾಗದ ಮೇಲೆ ಹಕ್ಕು ಬರಬೇಕು.

ಕೆರೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿದೆ. ಪಕ್ಕದಲ್ಲೇ ಟ್ಯಾಂಕ್ ಬಂಡ್ ರೋಡ್ ಅಂತ ಹೆಸರಿದೆ, ಟ್ಯಾಂಕ್ ಇಲ್ಲ. ಚಲ್ಲಘಟ್ಟದ ಕೆರೆಯ ಜಾಗದಲ್ಲಿ ಗಾಲ್ಫ್ ಆಡ್ತಾರೆ. ವಾಕ್‌ಗಳಲ್ಲಿ ಇದನ್ನೆಲ್ಲ ಹೇಳುವಾಗ ಗೈಡುಗಳ ದನಿ ಮೆತ್ತಗಾಗುತ್ತೆ, "ಇಲ್ಲೊಂದು ಕೆರೆ ಇತ್ತು, ಈಗ ಮಾಯವಾಗಿದೆ" ಅಂತಾರೆ. ಕೆರೆ ಮಾಯವಾಗೋಕೆ ಅದೇನು ಇಸ್ಪೀಟಿನ ಎಲೆಯಾ? ಯಾರೋ ನಿರ್ಧಾರ ಮಾಡಿದರು, ಯಾರೋ ಸಹಿ ಹಾಕಿದರು, ಯಾರೋ ಲಾರಿಯಲ್ಲಿ ಮಣ್ಣು ತಂದು ಸುರಿದರು. ಅವರು ಬ್ರಿಟಿಷರೇ ಆಗಿರಬೇಕು ಅಂತಿಲ್ಲ, ನಮ್ಮದೇ ಸರ್ಕಾರಗಳೂ ಮಾಡಿವೆ. ಹಳೇ ಊರಿನ ಬಗ್ಗೆ ಹಂಬಲಿಸುವ ಮಾತಿನಲ್ಲಿ ಅಪರಾಧಿಗಳೇ ಇರಲ್ಲ, ಅದಕ್ಕೇ ಅದು ಎಲ್ಲರಿಗೂ ಹಿತವಾಗಿರುತ್ತೆ.

ಅದೇ ರೀತಿ ಇತಿಹಾಸ 1947ಕ್ಕೆ ನಿಂತುಹೋಗುತ್ತೆ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಬಂದು ಈ ಊರನ್ನು ಕಾರ್ಮಿಕರ ಊರನ್ನಾಗಿ ಮಾಡಿದವು. 1980-81ರಲ್ಲಿ ಆ ಕಾರ್ಖಾನೆಗಳ ನೌಕರರು ದೊಡ್ಡ ಮುಷ್ಕರ ಹೂಡಿದರು. ಕ್ವಾರ್ಟರ್ಸ್‌ಗಳಲ್ಲಿ ಬೆಳೆದ ಒಂದು ತಲೆಮಾರಿನ ಕನ್ನಡ ಓದು, ನಾಟಕ, ಚಳವಳಿ ಎಲ್ಲ ಅಲ್ಲಿಂದಲೇ ಬಂತು. ಜಾಲಹಳ್ಳಿಯಲ್ಲಿ ಒಂದು ಇತಿಹಾಸದ ನಡಿಗೆ ಮಾಡೋಣ ಅಂದರೆ ಜನ ವಿಚಿತ್ರವಾಗಿ ನೋಡ್ತಾರೆ. ಗಡಿಯಾರ ಮಾಡಿದವನ ಕತೆ ಇತಿಹಾಸ ಅಲ್ವಂತೆ!

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು: "ಬೇರೆ ಊರಿನಿಂದ ಬಂದವರು ಇಲ್ಲಿನ ಇತಿಹಾಸ ತಿಳಿಯೋಕೆ ಬರ್ತಿದ್ದಾರೆ, ಅವರಿಗೆ ಇಂಗ್ಲಿಷ್ ಬೇಕಲ್ವಾ?" ಬರಲಿ, ಸಂತೋಷ. ಪಟ್ನಾದಿಂದ ಬಂದವರೂ ಬರಲಿ, ಕೊಲ್ಕತ್ತದಿಂದ ಬಂದವರೂ ಬರಲಿ. ಈ ಊರು ಎಂದೂ ಒಂದೇ ಭಾಷೆಯದ್ದಾಗಿರಲಿಲ್ಲ, ದೊಮ್ಮಲೂರಿನ ಚೊಕ್ಕನಾಥ ದೇವಸ್ಥಾನದಲ್ಲಿ ತಮಿಳು ಶಾಸನಗಳೇ ಇವೆ. ಅವೂ ನಮ್ಮವೇ. ಆದರೆ ಇಂಗ್ಲಿಷಿನಲ್ಲೇ ಪೂರ್ತಿ ಹೇಳಿ ಕಳಿಸಿದರೆ ಬಂದವರಿಗೆ ನಾವು ಮಾಡ್ತಿರೋದು ಉಪಕಾರ ಅಲ್ಲ. ಅವರಿಗೆ ಹತ್ತು ಕನ್ನಡ ಪದ ಕೊಟ್ಟು ನೋಡಿ: ಪೇಟೆ, ಕೋಟೆ, ಕೆರೆ, ಕುಂಟೆ, ಕಟ್ಟೆ, ಏರಿ, ಹಳ್ಳ, ಪಾಳ್ಯ, ಗುಡಿ, ಸಂದ್ರ. ಸಂದ್ರ ಅಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ಜಕ್ಕಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ ಅಂತ ಕೇಳಿದ ತಕ್ಷಣ ಇಲ್ಲಿ ನೀರಿತ್ತು ಅಂತ ಗೊತ್ತಾಗುತ್ತೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಕಡೆ ಕೋಟಿ ಬೆಲೆಯ ಮನೆಯವರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದನ್ನು ಎಲ್ಲರೂ ಟೀವಿಯಲ್ಲಿ ನೋಡಿದೆವು. ಸೈಟು ಕೊಳ್ಳುವ ಮುಂಚೆ ಆ ಜಾಗದ ಹಳೇ ಹೆಸರು ಕೇಳು, ಏರಿ ಎಲ್ಲಿತ್ತು ಕೇಳು ಅಂತ ಹೇಳಿಕೊಡೋಕೆ ಕನ್ನಡದ ನಡಿಗೆಗಿಂತ ಒಳ್ಳೆ ಪಾಠ ಯಾವುದಿದೆ?

ಎರಡನೆಯದು: "ಕನ್ನಡದಲ್ಲಿ ಮಾಡಿದರೆ ಯಾರೂ ಬರಲ್ಲ." ಈ ಮಾತು ಸಿನಿಮಾದವರು ಹೇಳಿದ್ದಾಯ್ತು, ಪುಸ್ತಕದ ಅಂಗಡಿಯವರು ಹೇಳಿದ್ದಾಯ್ತು, ಈಗ ಇವರು. ಕರಗಕ್ಕೆ ಜನ ಬರಲ್ವಾ? ಬಸವನಗುಡಿಯ ಕಡಲೇಕಾಯಿ ಪರಿಷೆಗೆ ಬರಲ್ವಾ? ಬರ್ತಾರೆ, ಕಾಲಿಡೋಕೆ ಜಾಗ ಇರಲ್ಲ ಅಷ್ಟು ಬರ್ತಾರೆ. ನೋಂದಣಿ ಇಂಗ್ಲಿಷಿನ ಆ್ಯಪಿನಲ್ಲಿ, ಶುಲ್ಕ ಒಂದು ದಿನದ ಕೂಲಿಯಷ್ಟು, ಮಾತೆಲ್ಲ ಇಂಗ್ಲಿಷಿನಲ್ಲಿ. ಇಷ್ಟೆಲ್ಲ ಅಡ್ಡ ಇಟ್ಟು, ಅವರಿಗೆ ಆಸಕ್ತಿ ಇಲ್ಲ ಅನ್ನೋದು ಯಾವ ನ್ಯಾಯ?

ಹಾಗಂತ ನಮ್ಮವರನ್ನೂ ಬಿಡೋ ಹಾಗಿಲ್ಲ. ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅಂತ ಕಾನೂನು ತಂದಿದ್ದೇವೆ, ತಪ್ಪಲ್ಲ. ನವೆಂಬರ್ ಪೂರ್ತಿ ಆರ್ಕೆಸ್ಟ್ರಾ ಕಟ್ಟಿ ಕುಣೀತೇವೆ, ಅದೂ ಇರಲಿ. ಆದರೆ ಸಾವಿರ ವರ್ಷದ ಹಿಂದೆ ಬರೆದ, ನೂರಕ್ಕೆ ನೂರು ಕನ್ನಡದ ಬೋರ್ಡುಗಳು ಬಟ್ಟೆ ಒಗೆಯುವ ಕಲ್ಲಾಗಿ, ಚರಂಡಿಯ ಚಪ್ಪಡಿಯಾಗಿ ಬಿದ್ದಿದ್ದರೆ ಯಾರೂ ಅದಕ್ಕಾಗಿ ಧರಣಿ ಕೂತಿಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಎಂಟನೇ ಶತಮಾನದ್ದು, ಬೆಂಗಳೂರಿನಲ್ಲಿ ಸಿಕ್ಕ ಕನ್ನಡ ಶಾಸನಗಳಲ್ಲೇ ಬಹಳ ಹಳೆಯದು. ಅದನ್ನು ಉಳಿಸಿದವರು ಯಾವುದೇ ಪಡೆಯವರಲ್ಲ, ಇಲಾಖೆಯವರಲ್ಲ. ರಜೆಯ ದಿನ ಕಲ್ಲು ಹುಡುಕಿಕೊಂಡು ಊರೂರು ಅಲೆಯುವ ಕೆಲವು ಸಾಮಾನ್ಯ ಜನ, ಅವರ ಜೊತೆ ನಿಂತ ಆ ಊರಿನವರು. ಈಗ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಊರಿನ ಶಾಸನಗಳನ್ನೆಲ್ಲ ಸ್ಕ್ಯಾನ್ ಮಾಡಿ ದಾಖಲಿಸುವ ಕೆಲಸ ನಡೀತಿದೆ. ಕಲ್ಲು ಹುಡುಕಿ ನಡೆದವರ ನಡಿಗೆಗೂ ದೋಸೆಯಲ್ಲಿ ಮುಗಿಯುವ ನಡಿಗೆಗೂ ಎಷ್ಟು ಅಂತರ ಇದೆ ನೋಡಿ.

ತಿಳಿದವರು ಎದ್ದು ನಿಂತರೆ ಏನಾಗುತ್ತೆ ಅನ್ನೋದಕ್ಕೆ ಅಠಾರಾ ಕಚೇರಿಯೇ ಸಾಕ್ಷಿ. 1868ರಲ್ಲಿ ಮುಗಿದ ಆ ಕೆಂಪು ಕಟ್ಟಡವನ್ನು 1980ರ ದಶಕದಲ್ಲಿ ಸರ್ಕಾರ ಕೆಡವೋಕೆ ಹೊರಟಿತ್ತು. ನಾಗರಿಕರು ಕೋರ್ಟಿಗೆ ಹೋದರು, ಗಲಾಟೆ ಮಾಡಿದರು. ಕಟ್ಟಡ ನಿಂತಿದೆ, ಹೈಕೋರ್ಟು ಅದರಲ್ಲೇ ನಡೀತಿದೆ. ಫೋಟೋ ತೆಗೆದು ಮನೆಗೆ ಹೋಗಿದ್ದಿದ್ದರೆ ಇವತ್ತು ಫೋಟೋ ಮಾತ್ರ ಇರ್ತಿತ್ತು.

ಹಾಗಾದರೆ ಏನು ಮಾಡಬೇಕು? ನಾನು ಕೇಳೋದು ದೊಡ್ಡದೇನಲ್ಲ. ಪಾಲಿಕೆ ಮತ್ತು ಪ್ರವಾಸೋದ್ಯಮ ಇಲಾಖೆ ಸೇರಿ ಪ್ರತಿ ವಾರ್ಡಿನಲ್ಲಿ ತಿಂಗಳಿಗೊಂದು ಉಚಿತ ನಡಿಗೆ ಕನ್ನಡದಲ್ಲಿ ನಡೆಸಲಿ. ಕತೆ ಹೇಳೋರು ಆ ಬೀದಿಯಲ್ಲೇ ಬಾಳಿದವರಾಗಿರಲಿ, ಬಳೆ ಅಂಗಡಿಯ ಅಜ್ಜಿ, ರಿಟೈರಾದ ಮಿಲ್ ಕಾರ್ಮಿಕ, ದರ್ಗಾದ ಮುಜಾವರ್, ಗುಡಿಯ ಪೂಜಾರಿ. ಅವರಿಗೆ ಗೌರವಧನ ಕೊಡಲಿ. ಇತಿಹಾಸದ ಮೇಷ್ಟ್ರೊಬ್ಬರು ಜೊತೆಗಿದ್ದು, ಇಸವಿ ತಪ್ಪಿದರೆ ತಿದ್ದಲಿ. ಊರಿನ ಎಲ್ಲ ಸರ್ಕಾರಿ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆ ತಮ್ಮ ಶಾಲೆಯ ಸುತ್ತಲಿನ ಒಂದು ಮೈಲಿ ನಡೆಸಲಿ. ಹರಪ್ಪದ ಚರಂಡಿಯ ಬಗ್ಗೆ ಪರೀಕ್ಷೆಯಲ್ಲಿ ಬರೆಯುವ ಹುಡುಗನಿಗೆ ಶಾಲೆ ಹಿಂದಿನ ರಾಜಕಾಲುವೆ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿರಲಿ. ಉಳಿದಿರುವ ಪ್ರತಿ ಶಾಸನದ ಪಕ್ಕ, ಅದರಲ್ಲಿ ಏನಿದೆ ಅಂತ ಇವತ್ತಿನ ಕನ್ನಡದಲ್ಲಿ ಒಂದು ಬೋರ್ಡು ಹಾಕಲಿ, ಕೆಳಗೆ ಇಂಗ್ಲಿಷೂ ಇರಲಿ.

ದುಡ್ಡು ತಗೊಂಡು ವಾಕ್ ಮಾಡಿಸುವವರಿಗೆ ಒಂದೇ ಒಂದು ಮಾತು. ನಿಮ್ಮ ವ್ಯಾಪಾರ ಚೆನ್ನಾಗಿ ನಡೀಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಕಾಫಿಗೆ ಕೂರೋ ಮುಂಚೆ ನಿಮ್ಮ ಇಪ್ಪತ್ತು ಜನರ ಕೈಯಲ್ಲಿ ಒಂದು ಅರ್ಜಿಗೆ ಸಹಿ ಹಾಕಿಸಿ. ಆ ದಿನ ನೋಡಿದ ಯಾವುದೋ ಒಂದು ಕಲ್ಲಿಗೆ, ಒಂದು ಕೊಳಕ್ಕೆ, ಬೀಳೋ ಹಾಗಿರುವ ಒಂದು ಮನೆಗೆ ಸಂಬಂಧಪಟ್ಟ ಅರ್ಜಿ, ವಾರ್ಡ್ ಆಫೀಸಿಗೆ. ವರ್ಷಕ್ಕೆ ಐವತ್ತು ಭಾನುವಾರ ಅಂದರೂ ಸಾವಿರ ಸಹಿ ಆಯ್ತು. ಮತ್ತೆ ಗಲ್ಲಿಯ ಕಟ್ಟೆ ಮೇಲೆ ಯಾರಾದರೂ ಹಿರಿಯರು ಕೂತಿದ್ದರೆ ಎರಡು ನಿಮಿಷ ಮಾತು ನಿಲ್ಲಿಸಿ, ಅವರನ್ನು ಕೇಳಿ. ಚರ್ಚಿಲ್ಲನ ಹದಿಮೂರು ರೂಪಾಯಿ ಇನ್ನು ವಸೂಲಾಗಲ್ಲ. ಅವರ ಹತ್ತಿರ ಇರೋದು ಅವರು ಇರುವವರೆಗೆ ಮಾತ್ರ ಸಿಗುತ್ತೆ.